ಕೃಪೆ ತೋರ್ಸೋದು ಅಂದ್ರ ಸುಮ್ನ ಕುಂದ್ರೋದೇನ್ರಿ? ಮಿಲ್ಲಿನಾಗ ಬಾಯಿ ಜೋರಿನ ಹಿರೇರನ್ನ ಹ್ಯಾಂಗ ನಡಸ್ಬೇಕು ಹೇಳ್ರಿ

ತೊಗರಿನಾಡಿನವ (ಕಲಬುರಗಿ)

ಎಲ್ಲರಿಗೂ ವಂದನೆಗಳ್ರಿ. ಇಲ್ಲಿ ನೌಕ್ರಿ ಮಾಡೋ ಕ್ರಿಶ್ಚಿಯನ್ ವಿಶ್ವಾಸಿಗಳು ಭಾಳ ಮಂದಿ ಅದೀರಿ ಅಂತ ಕೇಳ್ಲತ್ತೀನಿ, ಬ್ಯಾರೆ ಧರ್ಮದವ್ರಿಗಿ ಅನುಭವ ಇದ್ರ ಅವ್ರೂ ಹೇಳ್ರಿ.

ನಾ ಒಂದು ದಾಲ್ ಮಿಲ್ಲಿನಾಗ ಸೂಪರ್‌ವೈಸರ್. ಮೊದ್ಲು ಅಲ್ಲೇ ಕಾಟಾದ ಮ್ಯಾಲ ತೂಕ ಬರಕೋತ ಇದ್ದೆ, ದೀಪಾವಳಿ ಆದಮ್ಯಾಲ ಸಾವ್ಕಾರ್ರು ಈ ಜವಾಬ್ದಾರಿ ಕೊಟ್ರು. ಈಗ ಸೀಜನ್ ಅದ, ಹೊಸ ತೊಗರಿ ಎಪಿಎಂಸಿಯಿಂದ ಗಾಡಿ ಮ್ಯಾಲ ಗಾಡಿ ಬರ್ಲತ್ತದ, ಉಸಿರಾಡ್ಲಿಕ್ಕೂ ಪುರಸೊತ್ತಿಲ್ಲ.

ತೊಂದ್ರಿ ಏನಂದ್ರ ನಮ್ಮಲ್ಲಿ ಒಬ್ರು ಹಿರೇ ಆಪರೇಟರ್ ಅದಾರ, ಎಲ್ಲರೂ ಕಾಕಾ ಅಂತೀವಿ, ನಮ್ಮಪ್ಪನ ವಾರಗಿಯವ್ರು. ಕೆಲಸದಾಗ ಅವ್ರಿಗಿ ಮೀರಿಸೋರು ಯಾರೂ ಇಲ್ಲ. ತೊಗರಿ ಹಸನ ಮಾಡಿ ರೋಲಿಗಿ ಹಾಕಿ ಸಿಪ್ಪಿ ಮ್ಯಾಲ ಗೀರು ಬೀಳಿಸಿ, ಎಣ್ಣಿ ಹಚ್ಚಿ, ಮಾಳಿಗಿ ಮ್ಯಾಲ ಬಿಸಲಿಗಿ ಹರವಿ, ಆಮ್ಯಾಲ ನೀರು ಹೊಡ್ದು ರಾತ್ರಿ ಗುಂಪಿ ಹಾಕಿ ಇಡ್ತೀವಲ್ಲ, ಅದು ಎಷ್ಟು ಒಣಗ್ಯದ, ಮಶೀನಿಗಿ ಯಾವಾಗ ಬಿಡಬೇಕು ಅನ್ನೋದು ಕಾಕಾ ಎರಡು ಕಾಳು ಹಲ್ಲಿನಾಗ ಕಡ್ದು ಹೇಳಿಬಿಡ್ತಾರ. ಹಸಿ ಇದ್ದಾಗ ಹಾಕಿದ್ರ ಸಿಪ್ಪಿ ಬಿಡಂಗಿಲ್ಲ, ಜಾಸ್ತಿ ಒಣಗಿದ್ರ ಬರೀ ನುಚ್ಚು, ನುಚ್ಚಿನ ರೇಟು ನಿಮಗೆ ಗೊತ್ತೇ ಅದ. ಅವ್ರು ಒಂದಿನ ಬರ್ಲಿಲ್ಲಂದ್ರ ಸಾವ್ಕಾರ್ರ ಮಾರಿ ಸಣ್ಣದಾಗ್ತದ.

ಆದ್ರ ಬಾಯಿ, ಅದೇನ್ ಬಾಯಿ ಅಂತೀರಿ. ಹಮಾಲರಿಗಿ ಬೈಯೋದು, ಮಾಳಿಗಿ ಮ್ಯಾಲ ಹರವೋ ಹೆಣ್ಮಕ್ಕಳಿಗಿ ಬೈಯೋದು, ಹೊಸ ಹುಡುಗ್ರು ಏನರೆ ಕೇಳಿದ್ರ ಹೇಳಿಕೊಡಂಗಿಲ್ಲ. ಮತ್ತ ಮಧ್ಯಾಹ್ನ ಊಟಕ್ಕ ಹೋದ್ರ ಮನಸಿಗಿ ಬಂದಾಗ ಬರೋದು. ಅವ್ರು ಬಂದು ನೋಡಿ ಹೂಂ ಅನ್ನೋತನ ಮಾಳಿಗಿ ಮ್ಯಾಗಿನ ಮಾಲು ಗುಡ್ಡಿ ಹಾಕಂಗಿಲ್ಲ, ಹೆಣ್ಮಕ್ಕಳು ಸುಮ್ನ ಕುಂತಿರ್ತಾರ, ಸಂಜಿಗಿ ತಡ ಆಗಿ ಊರಿಗಿ ಹೋಗೋ ಶೇರ್ ಆಟೋ ತಪ್ಪತದ.

ಹೋದ ವಾರ ನಾ ಟೈಮಿನ ಮಾತು ತಗದೆ. ಕಾಕಾ ಎಲ್ಲರ ಮುಂದ ಹೇಳಿದ್ರು, "ನೀ ಚರ್ಚಿಗಿ ಹೋಗವ ಅಲ್ಲ, ನಿಮ್ಮ ಯೇಸು ಒಂದು ಗಲ್ಲಕ್ಕ ಹೊಡದ್ರ ಇನ್ನೊಂದು ತೋರ್ಸು ಅಂದಾನಲ್ಲ, ತೋರ್ಸು ಮತ್ತ." ಎಲ್ಲರೂ ನಕ್ರು. ನನಗ ಬೈದಿದ್ದಕ್ಕಿಂತ ಕರ್ತನ ಹೆಸರು ನಡುವ ತಂದಿದ್ದು ಎದಿಗಿ ಹತ್ತಿತು.

ಅವ್ವ ಹೇಳ್ತಾಳ, ಹಿರೇರು, ಹೊಟ್ಟಿಗಿ ಹಾಕ್ಕೋ ಅಂತ. ದೋಸ್ತರು ಹೇಳ್ತಾರ, ಸಾವ್ಕಾರ್ರಿಗಿ ಹೇಳಿ ಹೊರಗ ಹಾಕ್ಸು ಅಂತ. ಸಾವ್ಕಾರ್ರು ಹೇಳ್ತಾರ, ಸೀಜನ್ ಮುಗಿಯೋತನ ಅವನ್ನ ಮುಟ್ಟಬ್ಯಾಡ, ನೀನೇ ಸಂಭಾಳಿಸು. ಬಿಸಿ ತುಪ್ಪ ಆಗ್ಯದ ನನಗ, ನುಂಗ್ಲಿಕ್ಕೂ ಬರವಲ್ದು ಉಗುಳ್ಲಿಕ್ಕೂ ಬರವಲ್ದು. ನಾ ಖರೇನೂ ಕಾಕಾರನ್ನ ಪ್ರೀತಿಯಿಂದ ನಡಸ್ಬೇಕು ಅಂತೀನಿ, ಕೃಪೆಯಿಂದ. ಆದ್ರ ಕೃಪೆ ಅಂದ್ರ ಎಲ್ಲಾ ಸಹಿಸ್ಕೊಂಡು ಹೋಗೋದೇನು? ಹಂಗಾದ್ರ ಸೂಪರ್‌ವೈಸರ್ ಯಾಕ ಬೇಕು?


ಶಹಾಬಾದಿ (ಕಲಬುರಗಿ)

ತಮ್ಮ, ನಾ ಧಂಧಾ ಮಾಡೋ ಮನಷ್ಯಾ, ಸೀದಾ ಹೇಳ್ತೀನಿ. ಒಬ್ಬನ ಹಲ್ಲಿನ ಮ್ಯಾಲ ಇಡೀ ಮಿಲ್ ನಡೀಲತ್ತದ ಅಂದ್ರ ಅದು ಕಾಕಾನ ತಪ್ಪಲ್ಲ, ನಿಮ್ಮ ಸಾವ್ಕಾರ್ರ ತಪ್ಪು. ಇವತ್ತೇ ಒಬ್ಬ ಚುರುಕ ಹುಡುಗನ್ನ ಅವ್ರ ಕೈಕೆಳಗ ಹಾಕ್ರಿ, ತೇವ ನೋಡೋ ಮೀಟರ್ ಒಂದು ತರಸ್ರಿ, ಕಾಕಾ ಕಾಳು ಕಡ್ದು ಸಾಕು ಅಂದಾಗ ಮೀಟರಿನಾಗ ಎಷ್ಟು ತೋರಿಸ್ತದ ಅದನ್ನ ದಿನಾ ಬರದಿಡ್ರಿ. ಒಂದು ಸೀಜನ್ ಹಿಂಗ ಬರದ್ರ ಅವ್ರ ವಿದ್ಯಾ ಅರ್ಧ ಪುಸ್ತಕದಾಗ ಬಂತು. ಆಮ್ಯಾಲ ಅವ್ರ ಜೋರು ತಾನೇ ಇಳೀತದ. ದೇವರು ಧರ್ಮ ಮನ್ಯಾಗ ಇರ್ಲಿ, ಮಿಲ್ಲಿನಾಗ ಮಿಲ್ಲಿನ ಕಾನೂನು.


ಬೀದರ್ ಮಾಸ್ತರ (ಬೀದರ್)

ಶಹಾಬಾದಿಯವರು ಬರೆದಿಡುವ ಮಾತು ಹೇಳ್ಯಾರಲ್ಲ, ಅದು ಬಂಗಾರದಂಥ ಮಾತು, ಅದನ್ನ ಮಾಡಪ್ಪ. ಕಾಕಾನ ಸೊಕ್ಕು ಇಳಿಸಲಿಕ್ಕಂತ ಮಾತ್ರ ಬ್ಯಾಡ. ಅವ್ರಿಗಿ ಹೇಳಿಯೇ ಮಾಡು, "ಕಾಕಾ, ನಿಮ್ಮ ಕೈಯಾಗಿನ ವಿದ್ಯಾ ಬರದಿಡಬೇಕಂತೀನಿ, ನಿಮ್ಮ ಹೆಸರಿನ ಮ್ಯಾಲೇ ಇರ್ಲಿ" ಅಂತ. ಮನಷ್ಯಾನ ಬೆನ್ನ ಹಿಂದ ಅವನ ಜಾಗ ಖಾಲಿ ಮಾಡೋ ತಯಾರಿ ನಡಸ್ಕೋತ, ಮುಂದ ಕಾಕಾ ಕಾಕಾ ಅನ್ನೋದು ವಿಶ್ವಾಸಿಗಿ ಒಪ್ಪೋ ನಡತಿ ಅಲ್ಲ. ಧರ್ಮ ಮನ್ಯಾಗ ಇರ್ಲಿ ಅನ್ನೋದು ನಾ ಒಪ್ಪಂಗಿಲ್ರಿ ಶಹಾಬಾದಿಯವರೇ, ಆರು ದಿವಸ ಮನಷ್ಯಾ ಮಿಲ್ಲಿನಾಗೇ ಇರ್ತಾನ, ಅಲ್ಲಿ ಕೆಲಸಕ್ಕ ಬರದ ಭಕ್ತಿ ಭಾನುವಾರ ತಗೊಂಡು ಏನ್ ಮಾಡೋದು.

ಈಗ ಗಲ್ಲದ ಮಾತಿಗಿ ಬರೋಣ, ಅದೇ ನಿನಗ ಚುಚ್ಚಲತ್ತದ. ಪರ್ವತ ಪ್ರಸಂಗದಾಗ ಇನ್ನೊಂದು ಗಲ್ಲ ತೋರ್ಸು ಅಂತ ಹೇಳಿದ ಯೇಸುವಿನ ಗಲ್ಲಕ್ಕೇ ಒಂದಿನ ಪೆಟ್ಟು ಬಿತ್ತು, ಬೈಬಲಿನಾಗ ಯೋಹಾನ 18ನೇ ಅಧ್ಯಾಯ ತಗದು ನೋಡು. ಮಹಾಯಾಜಕನ ಮುಂದ ವಿಚಾರಣಿ ನಡದಾಗ ಒಬ್ಬ ಓಲೇಕಾರ ಯೇಸುವಿನ ಗಲ್ಲಕ್ಕ ಹೊಡೀತಾನ. ಆತ ಏನ್ ಮಾಡಿದ? ತಿರುಗಿ ಹೊಡೀಲಿಲ್ಲ, ಶಾಪ ಹಾಕ್ಲಿಲ್ಲ, ಸುಮ್ನೂ ಕುಂದರ್ಲಿಲ್ಲ. ನಾ ತಪ್ಪು ಮಾತಾಡಿದ್ರ ಏನು ತಪ್ಪು ಅಂತ ತೋರ್ಸು, ಸರಿ ಮಾತಾಡಿದ್ರ ಯಾಕ ಹೊಡೀತಿ ಅಂತ ಕೇಳಿದ. ಸೇಡು ತೀರ್ಸಂಗಿಲ್ಲ, ಪ್ರಶ್ನೆ ಕೇಳ್ದೆ ಬಿಡಂಗಿಲ್ಲ. ಕಾಕಾ ಮುಂದ ನೀ ನಿಂದ್ರಬೇಕಾದ್ದೂ ಹಿಂಗೇ. ಆ ದಿನ ಎಲ್ಲರ ಮುಂದ ನೀ ತಿರುಗಿ ಮಾತಾಡ್ಲಿಲ್ಲ, ಅದು ಛಲೋ ಆಯ್ತು, ಮಾತಾಡಿದ್ರ ಇಬ್ಬರ ಮಾನಾನೂ ಹೋಗ್ತಿತ್ತು. ಆದ್ರ ಮಾತು ಇನ್ನೂ ಬಾಕಿ ಅದ, ಅದನ್ನ ಮಾತಾಡಬೇಕು. ಮತ್ತಾಯ 18:15 ಹೇಳಿದಂಗ ನೀನು ಅವ್ರು ಇಬ್ರೇ ಇದ್ದಾಗ.

ಇನ್ನ ಮುಖ್ಯ ಮಾತು. ಲೂಕ 13ರಾಗ ಯೇಸು ಹೇಳಿದ ಅಂಜೂರದ ಮರದ ಸಾಮ್ಯ, ಅಂದ್ರ ದೃಷ್ಟಾಂತದ ಕಥಿ, ಎಲ್ಲರಿಗೂ ಗೊತ್ತದ. ಮೂರು ವರ್ಷ ಆಯ್ತು ಹಣ್ಣಿಲ್ಲ, ಕಡದು ಹಾಕು, ಭೂಮಿ ಯಾಕ ಕೆಡಸ್ತದ ಅಂತಾನ ಧಣಿ. ತೋಟದಾಳು ಏನಂತಾನ? ಈ ಒಂದು ವರ್ಷ ಬಿಡ್ರಿ, ಸುತ್ತ ಅಗದು ಗೊಬ್ಬರ ಹಾಕ್ತೀನಿ, ಆಮ್ಯಾಲೂ ಹಣ್ಣು ಬಿಡ್ಲಿಲ್ಲಂದ್ರ ಕಡಸ್ರಿ. ನಮ್ಮ ಪ್ರಸಂಗದಾಗ ಎಲ್ಲರೂ "ಒಂದು ವರ್ಷ ಬಿಡ್ರಿ" ಅನ್ನೋದರ ಮ್ಯಾಲೇ ಮಾತಾಡ್ತಾರ, ನಾ ನಿನಗ ಅಗಿಯೋದು ಗೊಬ್ಬರ ಹಾಕೋದು ನೋಡು ಅಂತೀನಿ. ಯಾರು ಅಗೀತಾರ? ಕೇಳಿದವನೇ ಅಗೀತಾನ. ಬಾಜೂ ಗಿಡದ ಗೊಬ್ಬರ ಕಿತ್ತು ಇದಕ್ಕ ಹಾಕ್ತೀನಿ ಅಂತ ಅನ್ನಂಗಿಲ್ಲ. ತಾಳ್ಮಿಯ ಖರ್ಚು ತಾಳ್ಮಿ ತೋರಿಸಿದವನ ತಲಿ ಮ್ಯಾಲ.

ಈಗ ನಿನ್ನ ಮಿಲ್ಲಿನಾಗ ನೋಡು. ನೀ ಕಾಕಾನ್ನ ಸಹಿಸ್ಕೊಂಡಿ, ಖರ್ಚು ಯಾರು ಕೊಡ್ಲತ್ತಾರ? ಮಾಳಿಗಿ ಮ್ಯಾಲಿನ ಹೆಣ್ಮಕ್ಕಳು. ಆಟೋ ತಪ್ಪಿದ್ದು ಅವ್ರಿಗಿ, ಕತ್ತಲಾಗಿ ಊರು ಮುಟ್ಟೋದು ಅವ್ರು. ನಿನ್ನ ಅವಮಾನ ನೀ ಹೊಟ್ಟಿಗಿ ಹಾಕ್ಕೋ, ಅದು ನಿಂದು, ನಿನಗ ಹಕ್ಕದ. ಅವ್ರ ಸಂಜಿ ನಿನ್ನದಲ್ಲ, ಅದನ್ನ ಕಾಕಾಗ ದಾನ ಕೊಡ್ಲಿಕ್ಕ ನಿನಗ ಹಕ್ಕಿಲ್ಲ. ನಿಮ್ಮವ್ವ ಹೇಳಿದ್ದು ನಿನಗ ಬೈದಿದ್ದರ ಬಗ್ಗೆ ಪೂರಾ ಖರೆ, ಉಳದವರ ಬಗ್ಗೆ ಅಲ್ಲ.

ಅಪೊಸ್ತಲ ಪೌಲ ಫಿಲೆಮೋನನಿಗೆ ಅವನ ದಾಸ ಒನೇಸಿಮನ ಸಲುವಾಗಿ ಬರೆದ ಪತ್ರದಾಗೂ ಇದೇ. ಒನೇಸಿಮ ನಿನಗ ಏನಾದ್ರೂ ಸಾಲ ತೀರಿಸೋದಿದ್ರ ನನ್ನ ಲೆಕ್ಕಕ್ಕ ಹಾಕು ಅಂತ ಪೌಲ ಬರೀತಾನ, ನನ್ನ ಕೈಯಾರೆ ಬರ್ದೀನಿ ನಾನೇ ತೀರಿಸ್ತೀನಿ ಅಂತಾನ. ಅದೇ ಪತ್ರದಾಗ ಮೊದ್ಲು, ಹುಕುಂ ಮಾಡೋ ಧೈರ್ಯ ನನಗದ, ಆದ್ರ ಪ್ರೀತಿಯಿಂದ ಬೇಡ್ಕೋತೀನಿ ಅಂತಾನ. ಅಧಿಕಾರ ಇಲ್ಲ ಅಂತ ಅವ ನಾಟಕ ಮಾಡಂಗಿಲ್ಲ ನೋಡು.


ತೊಗರಿನಾಡಿನವ

ಮಾಸ್ತರ್ರೇ, ಆಟೋದ ಮಾತು ನಾನೇ ಬರದೀನಿ ಆದ್ರ ಹಿಂಗ ಯೋಚನೆ ಮಾಡಿದ್ದಿಲ್ಲ. ಒಂದು ಕೇಳ್ತೀನಿ. ಒಬ್ಬರೇ ಇದ್ದಾಗ ಮಾತಾಡು ಅಂತೀರಿ, ನಮ್ಮ ಮಿಲ್ಲಿನಾಗ ಒಬ್ಬರೇ ಇರೋ ಜಾಗಾನೇ ಇಲ್ರಿ, ಆಫೀಸಿಗಿ ಕರದ್ರ "ನಿನ್ನೆ ಮೊನ್ನೆ ಕಾಟಾದ ಮ್ಯಾಲ ಕುಂತವ ನನ್ನ ಕರೀತಾನ" ಅಂತ ಎಲ್ಲರಿಗೂ ಹೇಳ್ಕೋತ ಬರ್ತಾರ. ವಯಸ್ಸಿನಾಗ ದೊಡ್ಡವ್ರಿಗಿ ಹ್ಯಾಂಗ ಶುರು ಮಾಡೋದು?


ವಾರ್ಡ್ ಸಿಸ್ಟರ್ (ಯಾದಗಿರಿ)

ಬ್ರದರ್, ನಾ ಯಾದಗಿರಿಯಾಗ ಒಂದು ಪ್ರೈವೇಟ್ ದವಾಖಾನಿಯಾಗ ವಾರ್ಡ್ ಇನ್‌ಚಾರ್ಜ್, ನನ್ನ ಕೈಕೆಳಗ ನನಗಿಂತ ಹಿರೇರು ಇದ್ರು ಈಗೂ ಅದಾರ. ಜಾಗದ ಮಾತು ಮೊದ್ಲು ಹೇಳ್ತೀನಿ. ಆಫೀಸಿಗಿ ಕರೀಬ್ಯಾಡ್ರಿ, ನೀವೇ ಅವ್ರ ಜಾಗಕ್ಕ ಹೋಗ್ರಿ, ಅವ್ರ ಮಶೀನ್ ಹತ್ರ, ಬೆಳಿಗ್ಗೆ ಉಳದವ್ರು ಬರೋಕಿಂತ ಮೊದ್ಲು. ಅವ್ರ ಕೆಲಸದ ಜಾಗದಾಗ ಅವ್ರಿಗಿ ಮಾನ ಇರ್ತದ, ಕಿವಿ ತೆರದಿರ್ತಾವ.

ನಮ್ಮಲ್ಲಿ ಒಬ್ರು ಹಿರೇ ಸ್ಟಾಫ್ ಇದ್ರು, ಕೈಗುಣ ಅಂದ್ರ ಅದು ಕೈಗುಣ, ಸಣ್ಣ ಕೂಸಿಗಿ ನರ ಸಿಗ್ಲಿಲ್ಲಂದ್ರ ಡಾಕ್ಟ್ರೇ ಅವ್ರನ್ನ ಕರೀರಿ ಅಂತಿದ್ರು. ಬೆಳಿಗ್ಗಿ ಡ್ಯೂಟಿಗಿ ಮಾತ್ರ ಯಾವಾಗ್ಲೂ ತಡ. ಅವ್ರು ಬಂದು ಚಾರ್ಜ್ ತಗೋಳೋತನ ರಾತ್ರಿ ಡ್ಯೂಟಿ ಹುಡುಗಿ ಹೋಗಂಗಿಲ್ಲ, ಯಾವ ಪೇಷಂಟಿಗಿ ಯಾವ ಇಂಜೆಕ್ಷನ್ ಆಗ್ಯದ, ಯಾವ ಡ್ರಿಪ್ ಎಷ್ಟು ಉಳದದ, ಎಲ್ಲಾ ಬೆಡ್ ಹತ್ರ ನಿಂತು ಒಪ್ಪಿಸಬೇಕು. ಅವಳಿಗಿ ಮನ್ಯಾಗ ಹಾಲು ಕುಡಿಯೋ ಕೂಸು. ಒಂದಿನ ನಾ ಬಟ್ಟಿ ಇಡೋ ರೂಮಿನಾಗ ಅಕ್ಕನ ಜೋಡಿ ಬೆಡ್‌ಶೀಟ್ ಮಡಚ್ಕೋತ ಹೇಳಿದೆ, "ಅಕ್ಕಾ, ನೀವು ಬರೋತನ ಆಕಿ ನಿಂತಿರ್ತಾಳ್ರಿ, ಎದಿ ಹಾಲು ಇಳದು ಅಂಗಿ ತೋದಿರ್ತದ, ನಾಚ್ಕೊಂಡು ಫೈಲ್ ಅಡ್ಡ ಹಿಡಿದಿರ್ತಾಳ." ಇಷ್ಟೇ ಹೇಳಿದೆ, ಮುಂದ ಒಂದು ಮಾತೂ ಸೇರಿಸ್ಲಿಲ್ಲ. ನೀವು ಲೇಟು, ನೀವು ಬೇಜವಾಬ್ದಾರಿ, ಅದ್ಯಾವುದೂ ಇಲ್ಲ. ಅಕ್ಕ ಬೆಡ್‌ಶೀಟ್ ಹಿಡ್ಕೊಂಡೇ ಭಾಳ ಹೊತ್ತು ನಿಂತ್ರು. ಆಕಿ ತೊಂದ್ರಿ ಅವ್ರ ಕಣ್ಣಿಗೇ ಬಿದ್ದಿದ್ದಿಲ್ಲ, ಯಾಕಂದ್ರ ಅವ್ರು ಬರೋದೇ ಎಲ್ಲಾ ಆದಮ್ಯಾಲ.

ಅವ್ರ ಸ್ವಭಾವದ ಬಗ್ಗೆ ಮಾತಾಡಬ್ಯಾಡ್ರಿ ಬ್ರದರ್, ಆಟೋದ ಬಗ್ಗೆ ಮಾತಾಡ್ರಿ. ಯಾವ ಊರಿನ ಆಟೋ, ಎಷ್ಟು ಗಂಟೆಗಿ ಹೋಗ್ತದ, ಅದು ಹೋದ್ರ ಆ ಹೆಣ್ಮಗಳು ಹ್ಯಾಂಗ ಊರಿಗಿ ಹೋಗ್ತಾಳ, ಅದನ್ನ ಮೊದ್ಲು ನೀವು ತಿಳ್ಕೊಂಡು ಹೋಗ್ರಿ.

ಇನ್ನೊಂದು, ಸಿಟ್ಟು ಇದ್ದ ದಿನ ಹೋಗಬ್ಯಾಡ್ರಿ. ನೆಹೆಮೀಯ 5ರಾಗ ಬಡವರ ಹೊಲ ಮನಿ ಒತ್ತಿ ಹಾಕ್ಸಿಕೊಂಡ ದೊಡ್ಡವರ ಮಾತು ಕೇಳಿ ನೆಹೆಮೀಯನಿಗೆ ಭಾಳ ಸಿಟ್ಟು ಬಂತು ಅಂತದ, ಆದ್ರ ಅವ ಮೊದ್ಲು ತನ್ನ ಮನಸಿನಾಗ ಯೋಚನೆ ಮಾಡಿ ಆಮ್ಯಾಲ ಅವರನ್ನ ಗದರಿಸಿದ. ಅದೇ ಅಧ್ಯಾಯದ ಕೊನಿಗಿ ಓದ್ರಿ, 12 ವರ್ಷ ದೇಶಾಧಿಪತಿ ಇದ್ರೂ ಅಧಿಪತಿಗಿ ಬರೋ ಊಟದ ಭತ್ಯೆ ತಗೊಳ್ಲಿಲ್ಲ. ಅದಕ್ಕೇ ಅವನ ಮಾತಿಗಿ ತೂಕ ಇತ್ತು.

ನನ್ನ ವಾರ್ಡಿನಾಗ ನಾ ಇದನ್ನ ರಜಾ ಪಟ್ಟಿಯಾಗ ನೋಡ್ತೀನಿ. ನವೆಂಬರ್ ಬಂತಂದ್ರ ನಮ್ಮ ಮೆಥೋಡಿಸ್ಟ್ ಸಭೆಯ ಮಂದಿ ಎಲ್ಲಾ ತೆಲಂಗಾಣದ ಧಾರೂರಿನ ಕ್ರಿಶ್ಚಿಯನ್ ಜಾತ್ರಿಗಿ ಹೋಗಬೇಕು ಅಂತಾರ, ಬಂದೇನವಾಜ್ ಉರುಸಿಗಿ ಮುಸ್ಲಿಂ ಹುಡುಗ್ಯಾರಿಗಿ ರಜಾ ಬೇಕು, ಹೋಳಿ ಆಗಿ ಐದನೇ ದಿನ ಶರಣಬಸವೇಶ್ವರ ತೇರು, ಆಗ ಉಳದವ್ರಿಗಿ ಬೇಕು. ಇನ್‌ಚಾರ್ಜ್ ಕ್ರಿಶ್ಚಿಯನ್ ಅಂತ ಜಾತ್ರಿಗಿ ಧಾರಾಳ ರಜಾ ಕೊಟ್ಟು ಉರುಸಿನಾಗ ಸ್ಟಾಫ್ ಇಲ್ಲ ಅಂದ್ರ, ಆಮ್ಯಾಲ ನಾ ಕೃಪೆಯ ಬಗ್ಗೆ ಏನ್ ಮಾತಾಡಿದ್ರೂ ಯಾರೂ ನಂಬಂಗಿಲ್ಲ. ಅದಕ್ಕ ಜಾತ್ರಿ ದಿವಸ ನಾ ಡ್ಯೂಟಿ ಹಾಕ್ಕೋತೀನಿ, ಉರುಸಿಗೂ ತೇರಿಗೂ ಕೇಳಿದವ್ರಿಗಿ ಕೊಡ್ತೀನಿ. ಮನಸಿಗಿ ನೋವಾಗ್ತದ ಖರೆ, ಸಣ್ಣಾಕಿ ಇದ್ದಾಗಿಂದ ಹೋದ ಜಾತ್ರಿ ಅದು. ಆದ್ರ ಯಾರಿಗರೆ ಬೇಡ ಅನ್ನೋ ದಿನ ಬಂದಾಗ ಅವ್ರು ನನ್ನ ಬೇಡ ಅನ್ನೋದನ್ನ ನಂಬ್ತಾರ.

ಮತ್ತ ದಯಮಾಡಿ ಎಲ್ಲರ ಮುಂದ "ನಿಮಗಾಗಿ ಪ್ರಾರ್ಥನೆ ಮಾಡ್ತೀನಿ ಕಾಕಾ" ಅಂತ ಅನ್ನಬ್ಯಾಡ್ರಿ. ಪ್ರಾರ್ಥನೆ ಖಂಡಿತ ಮಾಡ್ರಿ, ಹೆಸರು ಹಿಡಿದು ಮಾಡ್ರಿ, ಬಾಗ್ಲು ಹಾಕ್ಕೊಂಡು. ಮಂದಿ ಮುಂದ ಅಂದ್ರ ಅದೂ ಬೈದಂಗೇ.


ಅಕೌಂಟ್ಸ್ ಪಾಟೀಲ (ಕಲಬುರಗಿ)

ನಾ ಕ್ರಿಶ್ಚಿಯನ್ ಅಲ್ರಿ, ಸರ್ಕಾರಿ ನೌಕ್ರಿಯಾಗಿದ್ದೀನಿ, ಆದ್ರ ಓದ್ಕೋತ ಹೋದಂಗ ಒಂದು ಮಾತು ಯಾರೂ ಕೇಳವಲ್ರು ಅನಿಸ್ತು. ಕಾಕಾ ಹೆಣ್ಮಕ್ಕಳಿಗಿ ಬೈತಾರ ಅಂದ್ರಿ. ಏನಂತ ಬೈತಾರ? "ಬೇಗ ಬೇಗ ಕೈ ಆಡಸ್ರಿ" ಅಂತ ಬಾಯಿ ಮಾಡೋದು ಬ್ಯಾರೆ, ಹೊಲಸು ಮಾತು, ಮೈ ಬಗ್ಗೆ ಮಾತು ಬ್ಯಾರೆ. ಎರಡನೇದಿದ್ರ ಇಲ್ಲಿ ನಡ್ಯಾಲತ್ತಿದ್ದ ಚರ್ಚಾ ಎಲ್ಲಾ ಬಾಜೂಗಿಡ್ರಿ. ಅದು ಸೂಪರ್‌ವೈಸರ್ ಕ್ಷಮಿಸೋ ವಿಷಯಾನೇ ಅಲ್ಲ.

ಕೆಲಸದ ಜಾಗದಾಗ ಹೆಣ್ಮಕ್ಕಳ ಮ್ಯಾಲಿನ ಲೈಂಗಿಕ ಕಿರುಕುಳದ ಕಾಯ್ದೆ 2013ರದ್ದು, ದಿನಗೂಲಿಯವ್ರಿಗೂ ಗುತ್ತಿಗಿಯವ್ರಿಗೂ ಬರ್ತದ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡೋ ಜಾಗದಾಗ ಆಂತರಿಕ ಸಮಿತಿ ಇರಬೇಕು, ಅದಕ್ಕ ಹಿರೇ ಹೆಣ್ಮಗಳೇ ಅಧ್ಯಕ್ಷಿ ಇರಬೇಕು. 10ಕ್ಕಿಂತ ಕಡಿಮಿ ಇದ್ರ, ಇಲ್ಲಾ ಮಾಲಕನ ಮ್ಯಾಲೇ ದೂರಿದ್ರ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗಿ ಹೋಗಬಹುದು. ದೂರು 3 ತಿಂಗಳೊಳಗ ಕೊಡಬೇಕು, ಕಾರಣ ಇದ್ರ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಮಾತುಕತಿ ಮಾಡಿ ಬಗಿಹರಿಸೋದಾದ್ರ ದೂರು ಕೊಟ್ಟಾಕಿ ತಾನಾಗಿ ಕೇಳಿದ್ರ ಮಾತ್ರ, ರೊಕ್ಕ ಕೊಟ್ಟು ಮುಚ್ಚಿ ಹಾಕಂಗಿಲ್ಲ. ಅಂದ್ರ ನೋಡ್ರಿ, ಕ್ಷಮಿಸೋದು ಬಿಡೋದು ಆಕಿ ಕೈಯಾಗದ ಅಂತ ಕಾಯ್ದೆನೂ ಹೇಳ್ತದ. ಮಾಸ್ತರ್ರು ಹೇಳಿದ್ದಕ್ಕೂ ಇದಕ್ಕೂ ತಾಳ ಕೂಡ್ತದ.

ಇನ್ನ ಟೈಮಿನ ವಿಷಯ. ನಮ್ಮ ಕಲಬುರಗಿ ವಿಭಾಗದಾಗ ಏಪ್ರಿಲ್ ಮೇ ತಿಂಗಳ ಬಿಸಲು ಅಂತ ಸರ್ಕಾರಿ ಆಫೀಸಿನವ್ರಿಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ತನಕ ಟೈಮ್ ಮಾಡ್ತಾರ, ನಾವು ಫ್ಯಾನಿನ ಕೆಳಗ ಕುಂದ್ರೋರು. ಮಾಳಿಗಿ ಮ್ಯಾಲ ತೊಗರಿ ಹರವೋರಿಗಿ ಟೈಮ್ ಯಾರು ನೋಡ್ತಾರ? ನೀವೇ ನೋಡಬೇಕು, ಆ ಕುರ್ಚಿ ನಿಮಗ ಕೊಟ್ಟಿದ್ದೇ ಅದಕ್ಕ.


ಬೀದರ್ ಮಾಸ್ತರ

ಪಾಟೀಲರು ಬೇಷ್ ಹೇಳಿದ್ರಿ. ಇದರ ಮ್ಯಾಲ ಒಂದು ಸೇರಿಸ್ತೀನಿ, ಕೃಪೆ ಇದ್ದಲ್ಲಿ ಶಿಕ್ಷೆ ಇರಬಾರದು ಅಂತ ನಮ್ಮ ಸಭೆಗಳಾಗ ಒಂದು ತಪ್ಪು ತಿಳುವಳಿಕಿ ಅದ. ಬೈಬಲಿನ ಅರಣ್ಯಕಾಂಡ 12ರಾಗ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಜನರನ್ನ ನಡಸೋ ಮೋಶೆಯ ಮ್ಯಾಲ ಮಾತಾಡಿದ್ರು, ಮನಿಯವ್ರೇ ಮಾತಾಡಿದ್ರು. ಮೋಶೆ ತನ್ನ ಸಲುವಾಗಿ ಬಾಯಿ ಬಿಡ್ಲಿಲ್ಲ. ಮಿರ್ಯಾಮಳಿಗೆ ತೊನ್ನು ಹತ್ತಿದಾಗ ಆಕಿ ಸಲುವಾಗಿ ದೇವರಿಗಿ ಮೊರೆಯಿಟ್ಟಾಂವ ಮೋಶೆನೇ. ಹಂಗಂತ ಶಿಕ್ಷೆ ಪೂರಾ ತಪ್ಪಲಿಲ್ಲ, 7 ದಿವಸ ಪಾಳ್ಯದ ಹೊರಗ ಇರಬೇಕಾತು. ಆದ್ರ ಆಕಿ ತಿರುಗಿ ಬರೋತನ ಜನರು ಮುಂದ ಹೊರಡಲಿಲ್ಲ ಅಂತ ಬರದದ. ಶಿಕ್ಷೆಯೂ ಆಯ್ತು, ಬಿಟ್ಟೂ ಹೋಗಲಿಲ್ಲ. ನಾ ಸಾಲಿಯಾಗ ಹೆಡ್ ಮಾಸ್ತರ ಇದ್ದಾಗ ಯಾರಿಗರೆ ಮೆಮೋ ಕೊಡೋದು ಬಂದ್ರ ಈ ಅಧ್ಯಾಯ ಓದಿಯೇ ಕೊಡ್ತಿದ್ದೆ, ಮೆಮೋ ಕೊಟ್ಟ ದಿನ ಮಧ್ಯಾಹ್ನ ಅದೇ ಮಾಸ್ತರ್ರ ಬಾಜೂ ಕುಂತು ಬುತ್ತಿ ಬಿಚ್ಚುತಿದ್ದೆ. ಕೆಲವ್ರು ಎದ್ದು ಹೋಗ್ತಿದ್ರು, ಹೋಗ್ಲಿ, ಮರುದಿನ ಮತ್ತ ಅಲ್ಲೇ ಕುಂದರ್ತಿದ್ದೆ.


ತೊಗರಿನಾಡಿನವ

ಎಲ್ಲರಿಗೂ ಭಾಳ ಧನ್ಯವಾದಗಳ್ರಿ, ಮಾತಾಡಿ ಬಂದೀನಿ, ಏನಾಯ್ತು ಹೇಳ್ತೀನಿ.

ಮೊದ್ಲು ಪಾಟೀಲ ಸರ್ ಕೇಳಿದ್ದು. ನಾ ಹೆಣ್ಮಕ್ಕಳಾಗ ಹಿರೇ ಆಯಿ ಒಬ್ಬಾಕಿಗಿ ಕೇಳಿದೆ, ಹೊಲಸು ಮಾತು ಅಲ್ಲ, ಬಾಯಿ ಜೋರು ಅಷ್ಟೇ ಅಂದ್ಳು, ಆದ್ರ ಸಮಿತಿ ಅಂತ ಒಂದು ಇರ್ತದ ಅನ್ನೋದೇ ನಮ್ಮ ಮಿಲ್ಲಿನಾಗ ಯಾರಿಗೂ ಗೊತ್ತಿಲ್ಲ, ಸಾವ್ಕಾರ್ರಿಗಿ ಹೇಳೀನಿ, ಮಾಡೋಣ ಅಂದಾರ, ಬೆನ್ನು ಹತ್ತತೀನಿ.

ಕಾಕಾ ಹತ್ರ ಬೆಳಿಗ್ಗೆ ಮಶೀನಿಗಿ ಗ್ರೀಸ್ ಹಚ್ಚೋ ಟೈಮಿಗಿ ಹೋದೆ. ಸಿಸ್ಟರ್ ಹೇಳಿದಂಗ ಆಟೋದ ಮಾತೇ ಆಡಿದೆ. ಆ ಊರಿಗಿ ಕೊನೇ ಆಟೋ ಆರು ಗಂಟೆಗಿ, ಅದು ಹೋದ್ರ ಹೆಣ್ಮಕ್ಕಳು ಹೈವೇ ಮ್ಯಾಲ ಇಳಿದು ಒಳಗ ನಡಕೋತ ಹೋಗಬೇಕು, ಲೈಟ್ ಇಲ್ಲ. ಕಾಕಾ ಕೇಳಿದ್ರು, ಸಿಟ್ಟಿಗೇಳ್ಲಿಲ್ಲ. ಆಮ್ಯಾಲ ಗಲ್ಲದ ಮಾತೂ ಕೇಳಿದೆ, "ಕಾಕಾ, ನಾ ಏನು ತಪ್ಪು ಮಾತಾಡಿದ್ದೆ ಹೇಳ್ರಿ, ತಿದ್ಕೋತೀನಿ, ತಪ್ಪಿಲ್ಲಂದ್ರ ನನ್ನ ದೇವರ ಹೆಸರು ತಗೊಂಡು ಮಂದಿ ಮುಂದ ಯಾಕ ನಗಸಿದ್ರಿ?" ಭಾಳ ಹೊತ್ತು ಗ್ರೀಸ್ ಹಚ್ಕೋತ ಇದ್ದು ಹೇಳಿದ್ರು, ಈ ಸೂಪರ್‌ವೈಸರ್ ಕೆಲಸ ನನಗ ಕೊಡ್ತೀನಿ ಅಂತ ಸಾವ್ಕಾರ್ರು ಹಿಂದ ಮಾತು ಕೊಟ್ಟಿದ್ರು, ನಿನಗ ಕೊಟ್ಟ ದಿನ ನನಗ ಒಂದು ಮಾತೂ ಹೇಳ್ಲಿಲ್ಲ, ಮಂದಿ ಬಾಯಿಂದ ಗೊತ್ತಾಯ್ತು, ಪಗಾರನೂ ಭಾಳ ವರ್ಷದಿಂದ ಅಷ್ಟೇ ಅದ. ಇದು ನನಗ ಗೊತ್ತೇ ಇದ್ದಿಲ್ರಿ. ಕಾಕಾ ಕ್ಷಮಾ ಅಂತ ಏನೂ ಕೇಳ್ಲಿಲ್ಲ, ನಾನೂ ಒತ್ತಾಯ ಮಾಡ್ಲಿಲ್ಲ.

ಅವತ್ತಿಂದ ಊಟ ಮಾಡಿ ಟೈಮಿಗಿ ಬರ್ಲತ್ತಾರ, ಬಾಯಿ ಮಾತ್ರ ಇನ್ನೂ ಹಂಗೇ ಅದ. ಮೀಟರ್ ತರ್ಸೀವಿ, ಬರಿಯೋ ಪುಸ್ತಕದ ಮ್ಯಾಲ ಕಾಕಾನ ಹೆಸರೇ ಹಾಕೀನಿ, ಹುಡುಗನ್ನ ಮೊದಲ ದಿನ ಓಡಿಸಿದ್ರು, ಮರುದಿನ ತಾವೇ ಕರದು ಕಾಳು ಕಡೀಲಿಕ್ಕ ಹೇಳಿದ್ರು.

ಈಗ ನಾ ಸಾವ್ಕಾರ್ರ ಹತ್ರ ಎರಡು ಮಾತು ಇಟ್ಟೀನಿ. ಒಂದು, ಸೀಜನ್ ಮುಗದ ಕೂಡ್ಲೇ ಕಾಕಾನ ಪಗಾರ ಏರಸ್ರಿ, ನನ್ನ ಏರಿಕಿ ಮುಂದಿನ ವರ್ಷ ಮಾಡಿದ್ರೂ ನಡೀತದ. ಎರಡು, ಇಷ್ಟು ದಿನ ತಡ ಆಗಿ ಹೋದ ಹೆಣ್ಮಕ್ಕಳಿಗಿ ಆ ತಾಸಿನ ಕೂಲಿ ಕೊಡ್ರಿ. ಎರಡನೇದಕ್ಕ ಸಾವ್ಕಾರ್ರು ಮುಖ ಗಂಟು ಹಾಕ್ಯಾರ. ಯಾಕೋಬ 5:4 ನನ್ನ ತಲಿಯಾಗ ತಿರಗ್ಲತ್ತದ, ಕೂಲಿಯವರ ಹಿಡದಿಟ್ಟ ಕೂಲಿ ಕೂಗ್ತದ ಅಂತ, ಅದು ಬಿಡಂಗಿಲ್ಲ ನಾ.

ಒಂದು ಕೇಳೋದದ. ಮಂದಿ ಮುಂದ ಬೈಯೋದು ನಿಲ್ಲಿಸ್ರಿ, ಟೈಮ್ ಹಿಂಗ ಇರ್ತದ, ಇದನ್ನ ಬರದು ಕೊಡಬೇಕು ಅಂತೀನಿ, ಬರೀ ಬಾಯಿ ಮಾತು ನಾಳೆ ನೆನಪಿರಂಗಿಲ್ಲ. ಆದ್ರ ಕಾಕಾಗ ಓದ್ಲಿಕ್ಕ ಬರಂಗಿಲ್ಲ, ಸಹಿ ಮಾತ್ರ ಬರ್ತದ. ಮೆಮೋ ಕೈಯಾಗ ಹಿಡದು ಯಾರ ಹತ್ರರೆ ಓದಿಸ್ಲಿಕ್ಕ ಹೋದ್ರ ಊರೆಲ್ಲಾ ಗೊತ್ತಾಗ್ತದ, ಮತ್ತ ಮಾನದ ಮಾತು ಬರ್ತದ. ಹ್ಯಾಂಗ ಮಾಡ್ಲಿ?


ವಾರ್ಡ್ ಸಿಸ್ಟರ್

ಹೆಣ್ಮಕ್ಕಳ ಕೂಲಿ ಬಿಡಬ್ಯಾಡ್ರಿ ಬ್ರದರ್, ನಾನೂ ಪ್ರಾರ್ಥನೆ ಮಾಡ್ತೀನಿ.


ಅಕೌಂಟ್ಸ್ ಪಾಟೀಲ

ಮೆಮೋ ಅಂತ ಶುರು ಮಾಡಬ್ಯಾಡ್ರಿ. ಎಲ್ಲರಿಗೂ ಒಂದೇ ಟೈಮಿನ ಕಾಗದ ಮಾಡಿ ಗೋಡಿಗಿ ಹಚ್ರಿ, ಹಮಾಲರದ್ದು ಹೆಣ್ಮಕ್ಕಳದ್ದು ಆಪರೇಟರದ್ದು ನಿಮ್ಮದೂ ಸೇರಿಸಿ. ಬೈಯೋ ವಿಷಯ ಬ್ಯಾರೆ ಹಾಳಿ ಮ್ಯಾಲ ಕನ್ನಡದಾಗ ನಾಕು ಸಾಲು ಬರೀರಿ, ಕಾಕಾ ಮುಂದ ನೀವೇ ಮೆಲ್ಲಕ ಓದಿ ಹೇಳ್ರಿ, ಅವ್ರು ಏನರೆ ಹೇಳ್ತೀನಿ ಅಂದ್ರ ಅವ್ರ ಮಾತನ್ನೂ ಅದೇ ಹಾಳಿ ಮ್ಯಾಲ ಅವ್ರು ಹೇಳಿದಂಗೇ ಬರದು ತಿರುಗಿ ಓದಿ ಹೇಳ್ರಿ, ಆಮ್ಯಾಲ ಸಹಿ. ಸಾಕ್ಷಿಗಿ ಒಬ್ಬರು ಇರ್ಲಿ, ಯಾರು ಇರಬೇಕು ಅನ್ನೋದು ಕಾಕಾಗೇ ಕೇಳ್ರಿ. ಒಂದು ಕಾಪಿ ನಿಮ್ಮ ಹತ್ರ, ಒಂದು ಅವ್ರಿಗಿ, ಗೋಡಿಗಿ ಇದನ್ನ ಹಚ್ಚಬ್ಯಾಡ್ರಿ. ಮುಂದ ಏನರೆ ಆಗಿ ಕೆಲಸದಿಂದ ತಗಿಯೋ ಮಾತು ಬಂದ್ರೂ ಅವ್ರ ಮಾತು ಕೇಳ್ದೆ ತಗದ್ರು ಅಂತ ಯಾರೂ ಅನ್ನಂಗಿಲ್ಲ, ಅದು ನಿಮಗೂ ಛಲೋ ಅವ್ರಿಗೂ ಛಲೋ.